ಜಾಲಪತ್ರಿಕೆಗಳ ಕನ್ನಡವೂ ದೋಷವಿಚಾರವೂ

ಶಾಲೆಯನ್ನು ಬಿಟ್ಟ ಮೇಲೆ ವ್ಯಾಕರಣಗ್ರಂಥವನ್ನು ಕೈಯಲ್ಲಿ ಹಿಡಿಯತಕ್ಕವರು ನಮ್ಮಲ್ಲಿ ಬಹು ವಿರಳ. ಕಾವ್ಯವನ್ನು ಓದತಕ್ಕವರು ಅವರಿಗಿಂತ ಸ್ವಲ್ಪ ಹೆಚ್ಚು. ವೃತ್ತಪತ್ರಿಕೆಯನ್ನಾದರೋ ಅಕ್ಷರ ಬಲ್ಲವರೆಲ್ಲರೂ ಓದುತ್ತಾರೆ. ಆದಕಾರಣ ಬಹುಜನರಿಗೆ ಬರವಣಿಗೆಯ ಕನ್ನಡವನ್ನು ಕಲಿಸುವ ಉಪಾಧ್ಯಾಯನು ಯಾರೆಂದರೆ, ಒಪ್ಪಿದರೂ ಒಪ್ಪದಿದ್ದರೂ, ಪತ್ರಿಕೆಯೇ ಎಂದು ಹೇಳಬೇಕಾಗುತ್ತದೆ. ೧೮೪೩ರ ಜುಲೈ ತಿಂಗಳಲ್ಲಿ ಹರ್ಮನ್ ಮೋಗ್ಲಿಂಗ್ ಮಹಾಶಯರು ಮಂಗಳೂರಿನಲ್ಲಿ ಕಲ್ಲಚ್ಚಿನಿಂದ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದಂದಿನಿಂದ ಈ ಉಪಾಧ್ಯಾಯವೃತ್ತಿ ನಡೆದುಬಂದಿದೆ. ಇಂದು ಅದು ಕಾಗದವನ್ನು ದಾಟಿ ಅಂತರ್ಜಾಲಕ್ಕೆ ಬಂದಿದೆ. ೧೯೯೬ರಲ್ಲಿ ಯು. ಬಿ. ಪವನಜರ ‘ವಿಶ್ವಕನ್ನಡ’ವು ಜಾಲದಲ್ಲಿ ಕನ್ನಡಕ್ಕೆ ಒಂದು ಮನೆಯನ್ನು ಮಾಡಿಕೊಟ್ಟಿತು; ಈಗ ಸುದ್ದಿಯನ್ನು ಒದಗಿಸುವ ಕನ್ನಡ ತಾಣಗಳು ಎಣಿಕೆಗೆ ಸಿಕ್ಕದಷ್ಟಾಗಿವೆ. ಬೆಳಗಿನ ಪತ್ರಿಕೆಗಾಗಿ ಬಾಗಿಲಲ್ಲಿ ಕಾಯುತ್ತಿದ್ದವರು ಈಗ ಕೈಯಲ್ಲಿರುವ ಮೊಬೈಲಿನಲ್ಲಿ ದಿನವೆಲ್ಲ ಸುದ್ದಿಯನ್ನು ಓದುತ್ತಿದ್ದಾರೆ.

ಈ ಜಾಲಪತ್ರಿಕೆಗಳ ಕನ್ನಡದಲ್ಲಿ ತಪ್ಪುಗಳು ಹೇರಳವಾಗಿವೆಯೆಂಬ ದೂರು ಎಲ್ಲೆಲ್ಲಿಯೂ ಕೇಳಿಬರುತ್ತಿದೆ. ದೂರು ನಿರಾಧಾರವಾದುದಲ್ಲ. ಅಚ್ಚಿನ ಕಾಲದಲ್ಲಿ ಇಂಥ ಪ್ರಮಾದಗಳನ್ನೆಲ್ಲ ‘ಮುದ್ರಾರಾಕ್ಷಸ’ನ ತಲೆಗೆ ಕಟ್ಟಿ ನಗುವುದು ವಾಡಿಕೆಯಾಗಿತ್ತು. ಮುದ್ರೆಯು ಹೋದರೂ ರಾಕ್ಷಸನು ಉಳಿದುಕೊಂಡಿದ್ದಾನೆ. ಆದರೆ ದೂರುವವರೂ ದೂರಿಸಿಕೊಳ್ಳುವವರೂ ಒಂದು ವಿಚಾರವನ್ನು ಸಾಮಾನ್ಯವಾಗಿ ಮರೆಯುತ್ತಾರೆ. ತಪ್ಪುಗಳೆಲ್ಲ ಒಂದೇ ಜಾತಿಯವಲ್ಲ, ಒಂದೇ ತೂಕದವೂ ಅಲ್ಲ. ನಮಗೆ ದೊರೆತಿರುವ ಅತಿ ಪ್ರಾಚೀನ ಕನ್ನಡ ಗ್ರಂಥವಾದ ‘ಕವಿರಾಜಮಾರ್ಗ’ದ ಮೊದಲನೆಯ ಪರಿಚ್ಛೇದಕ್ಕೆ ‘ದೋಷಾದೋಷಾನುವರ್ಣನ ನಿರ್ಣಯ’ವೆಂಬ ಹೆಸರಿರುವುದು ಸಾರ್ಥಕವಾಗಿದೆ. ದೋಷವನ್ನು ಹೇಳಹೊರಟವನು ದೋಷವಲ್ಲದುದನ್ನೂ ಹೇಳಬೇಕು. ಎರಡನ್ನೂ ತೂಗಿ ನಿರ್ಣಯಿಸಬೇಕು. ಪ್ರಸ್ತುತ ಲೇಖನದಲ್ಲಿ ಆ ರೀತಿಯ ತಾರತಮ್ಯವಿಚಾರವನ್ನು ಯಥಾಮತಿಯಾಗಿ ಮಾಡಲು ಯತ್ನಿಸಿದ್ದೇವೆ. ಇಲ್ಲಿ ಉದಾಹರಿಸಿರುವ ವಾಕ್ಯಗಳು ವಿಷಯಸ್ಪಷ್ಟತೆಗಾಗಿ ನಾವೇ ರಚಿಸಿದ ಮಾದರಿಗಳು. ಯಾವೊಂದು ಪತ್ರಿಕೆಯನ್ನೂ ಗುರಿಯಿಟ್ಟು ಹೇಳಿದುವಲ್ಲ. ಆದರೆ ಇಂಥವು ದಿನದಿನವೂ ಕಣ್ಣಿಗೆ ಬೀಳುವಂಥವೆಂಬುದನ್ನು ವಾಚಕರು ಬಲ್ಲರು.

ಮೊದಲನೆಯದಾಗಿ ಬೆರಳಿನ ತಪ್ಪುಗಳು. ಕೆ. ಪಿ. ರಾವ್ ಅವರು ರೂಪಿಸಿಕೊಟ್ಟ ಕೀಲಿಮಣೆಯ ವಿನ್ಯಾಸವು ಇಂದು ಕನ್ನಡ ಬೆರಳಚ್ಚಿಗೆ ಬಹುಮಟ್ಟಿಗೆ ಆಧಾರವಾಗಿದೆ. ಅದರಲ್ಲಿ ‘ದ’ ಎಂದು ಒತ್ತುವ ಕೀಲಿಯನ್ನೇ ಶಿಫ್ಟ್ ಕೀಲಿಯೊಡನೆ ಒತ್ತಿದರೆ ‘ಧ’ಕಾರವು ಬರುತ್ತದೆ. ‘ಲ’ಕಾರದ ಕೀಲಿಯೇ ಶಿಫ್ಟಿನೊಡನೆ ‘ಳ’ಕಾರವನ್ನೂ, ‘ನ’ಕಾರದ ಕೀಲಿಯೇ ‘ಣ’ಕಾರವನ್ನೂ ಕೊಡುತ್ತದೆ. ವ್ಯವಸ್ಥೆಯು ಶಾಸ್ತ್ರೀಯವಾದುದು, ಕಲಿಯಲು ಸುಲಭವಾದುದು. ಆದರೆ ಅವಸರದಲ್ಲಿ ಕಿರುಬೆರಳು ಒಂದು ಕ್ಷಣ ತಡವಾದರೆ ಸಾಕು, ‘ಹಳ್ಳಿ’ಯು ‘ಹಲ್ಲಿ’ಯಾಗುತ್ತದೆ, ‘ಹಣ’ವು ‘ಹನ’ವಾಗುತ್ತದೆ, ‘ಧನಸಹಾಯ’ವು ‘ದನಸಹಾಯ’ವಾಗುತ್ತದೆ. ಬೆರಳು ಅನಗತ್ಯವಾಗಿ ನಿಂತುಬಿಟ್ಟರೆ ಕಾಡಿನ ‘ಹುಲಿ’ಯು ಅಡಿಗೆಯ ‘ಹುಳಿ’ಯಾಗಿ ಊರೊಳಕ್ಕೆ ನುಗ್ಗುತ್ತದೆ.

ಇವುಗಳಲ್ಲಿ ಬಹುಪಾಲು ನಗೆಯಲ್ಲಿ ಮುಗಿದುಹೋಗತಕ್ಕವು. ವಾಚಕನು ಸಂದರ್ಭದಿಂದ ಅರ್ಥವನ್ನು ಊಹಿಸಿಕೊಳ್ಳುತ್ತಾನೆ. ಆದರೂ ಈ ಗುಂಪಿನಲ್ಲಿಯೇ ನಗುವುದಕ್ಕಾಗದ ಒಂದು ಜೋಡಿಯಿದೆ. ಅದು ‘ಬೆಳೆ’ ಮತ್ತು ‘ಬೆಲೆ’. ‘ಈರುಳ್ಳಿ ಬೆಳೆ ಕುಸಿತ’ ಎಂದರೆ ಹೊಲದಲ್ಲಿ ಫಸಲು ಕಡಿಮೆಯಾಯಿತೆಂದು ಅರ್ಥ. ‘ಈರುಳ್ಳಿ ಬೆಲೆ ಕುಸಿತ’ ಎಂದರೆ ಮಾರುಕಟ್ಟೆಯಲ್ಲಿ ದರವು ಇಳಿಯಿತೆಂದು ಅರ್ಥ. ಮೊದಲನೆಯದನ್ನು ಓದಿದ ರೈತನು, ಫಸಲು ಕಡಿಮೆಯಾದುದರಿಂದ ದರವು ಏರಬಹುದೆಂದು ಎಣಿಸಿ ಮಾಲನ್ನು ತಡೆಹಿಡಿಯಬಹುದು. ಎರಡನೆಯದನ್ನು ಓದಿದವನು ಇನ್ನೂ ಇಳಿದೀತೆಂಬ ಭಯದಿಂದ ಇದ್ದುದನ್ನು ಮಾರಿಬಿಡಬಹುದು. ಒಂದೇ ಅಕ್ಷರವು ಎರಡು ವಿರುದ್ಧವಾದ ನಡತೆಗಳಿಗೆ ಕಾರಣವಾಗುತ್ತದೆ. ಇದರಲ್ಲಿ ಇನ್ನೊಂದು ತೊಡಕೂ ಉಂಟು. ಕಾಗುಣಿತವನ್ನು ಪರೀಕ್ಷಿಸುವ ಯಂತ್ರಸಾಧನವು ನಿಘಂಟಿನಲ್ಲಿಲ್ಲದ ಶಬ್ದವನ್ನು ತೋರಿಸಿಕೊಡಬಲ್ಲುದು. ‘ಬೆಳೆ’ ‘ಬೆಲೆ’ಗಳೆರಡೂ, ‘ಹಳ್ಳಿ’ ‘ಹಲ್ಲಿ’ಗಳೆರಡೂ ನಿಘಂಟಿನಲ್ಲಿರುವ ಸಾಧುಶಬ್ದಗಳೇ. ಆದುದರಿಂದ ಅಲ್ಲಿ ಅರ್ಥವನ್ನು ಬಲ್ಲ ಮನುಷ್ಯನ ಕಣ್ಣೇ ಬೇಕಾಗುತ್ತದೆ.

ಎರಡನೆಯದು ತಿಳಿವಳಿಕೆಯ ತಪ್ಪುಗಳು. ‘ಪ್ರಶಸ್ತಿ ಪ್ರದಾನ’ವೆಂದಿರಬೇಕಾದಲ್ಲಿ ‘ಪ್ರಶಸ್ತಿ ಪ್ರಧಾನ’, ‘ಅನುದಾನ’ವೆಂದಿರಬೇಕಾದಲ್ಲಿ ‘ಅನುಧಾನ’, ‘ಸಂದರ್ಭ’ಕ್ಕೆ ‘ಸಂಧರ್ಭ’, ‘ದಾಳಿ’ಗೆ ‘ಧಾಳಿ’, ‘ವಿದ್ಯಾರ್ಥಿ’ಗೆ ‘ವಿಧ್ಯಾರ್ಥಿ’, ‘ಉಚ್ಚ’ ನ್ಯಾಯಾಲಯಕ್ಕೆ ‘ಉಚ್ಛ’ ನ್ಯಾಯಾಲಯ, ಪಕ್ಷದಿಂದ ‘ಉಚ್ಚಾಟನೆ’ಗೆ ‘ಉಚ್ಛಾಟನೆ’ — ಹೀಗೆ ಪಟ್ಟಿಯು ಬೆಳೆಯುತ್ತದೆ. ಇವುಗಳಲ್ಲಿ ಒಂದು ವಿಶೇಷವಿದೆ. ಇವು ಬೆರಳು ಸೋತುದರಿಂದ ಬಂದವಲ್ಲ. ಇವನ್ನು ಬರೆಯಬೇಕಾದರೆ ಶಿಫ್ಟ್ ಕೀಲಿಯನ್ನು ಬೇಕೆಂದೇ ಹೆಚ್ಚಾಗಿ ಒತ್ತಬೇಕು. ಅಂದರೆ ಬರೆದವನು ಶ್ರಮವಹಿಸಿ ತಪ್ಪುಮಾಡಿದ್ದಾನೆ. ಮಹಾಪ್ರಾಣವಿದ್ದರೆ ಶಬ್ದಕ್ಕೆ ಗೌರವವೂ ಘನತೆಯೂ ಹೆಚ್ಚೆಂಬ ಭ್ರಾಂತಿಯೇ ಇದರ ಮೂಲ. ಆಡುಮಾತಿನಲ್ಲಿ ಮಹಾಪ್ರಾಣದ ಉಚ್ಚಾರಣೆಯು ಸಡಿಲವಾಗಿರುವುದರಿಂದ ಕಿವಿಯು ಸಹಾಯಮಾಡುವುದಿಲ್ಲ. ಎಲ್ಲಿ ಅದು ಸಲ್ಲುವುದೆಂಬುದನ್ನು ಶಬ್ದದ ಮೂಲದಿಂದ ತಿಳಿಯಬೇಕು. ‘ಪ್ರದಾನ’ದಲ್ಲಿರುವುದು ‘ದಾನ’, ಕೊಡುವಿಕೆ, ‘ಅನುದಾನ’ದಲ್ಲಿರುವುದೂ ಅದೇ. ‘ಪ್ರಧಾನ’ವೆಂದರೆ ಮುಖ್ಯವಾದುದು. ಇಷ್ಟನ್ನು ಒಮ್ಮೆ ತಿಳಿದವನು ಮತ್ತೆ ತಪ್ಪಲಾರನು.

ಸಂಧಿಯ ಅಜ್ಞಾನದಿಂದ ಬರುವುವೂ ಇದೇ ವರ್ಗದವು. ‘ಲಕ್ಷಾಂತರ’ವನ್ನು ನೋಡಿ ‘ಕೋಟ್ಯಾಂತರ’ವೆಂದು ಬರೆಯುತ್ತಾರೆ. ಲಕ್ಷ, ಅಂತರ ಎಂಬಲ್ಲಿ ಅಕಾರಗಳೆರಡು ಕೂಡಿ ದೀರ್ಘವು ಬಂದಿತು. ಕೋಟಿ, ಅಂತರ ಎಂಬಲ್ಲಿ ಇಕಾರಕ್ಕೆ ಯಕಾರವು ಆದೇಶವಾಗಿ ‘ಕೋಟ್ಯಂತರ’ವೆಂದಾಗಬೇಕೇ ಹೊರತು ದೀರ್ಘಕ್ಕೆ ಎಡೆಯೇ ಇಲ್ಲ. ‘ಕೂಲಂಕಷ’ವೆಂಬ ಸುಂದರವಾದ ಶಬ್ದವು ‘ಕೂಲಂಕುಶ’ವಾಗಿರುವುದು ಇನ್ನೂ ಶೋಚನೀಯ. ಕೂಲವೆಂದರೆ ದಡ, ದಡಗಳನ್ನು ಉಜ್ಜುತ್ತ ತುಂಬಿ ಹರಿಯುವ ಹೊಳೆಯ ಚಿತ್ರವು ಆ ಶಬ್ದದಲ್ಲಿದೆ. ಎರಡು ದಡಗಳನ್ನೂ ಮುಟ್ಟುವಂತೆ ಮಾಡಿದ ವಿಚಾರವು ಕೂಲಂಕಷವಾದ ವಿಚಾರ. ಅಲ್ಲಿಗೆ ಆನೆಯ ಅಂಕುಶವನ್ನು ತಂದರೆ ಹೊಳೆಯೂ ಹೋಯಿತು, ದಡವೂ ಹೋಯಿತು.

ಈ ಎರಡನೆಯ ವರ್ಗದ ತಪ್ಪುಗಳಿಂದ ಸುದ್ದಿಯ ಅರ್ಥವು ಸಾಮಾನ್ಯವಾಗಿ ಕೆಡುವುದಿಲ್ಲ. ಕೆಡುವುದು ಭಾಷೆ. ಬೆರಳಿನ ತಪ್ಪು ಒಂದು ದಿನದ್ದು. ತಿಳಿವಳಿಕೆಯ ತಪ್ಪು ಸಾಂಕ್ರಾಮಿಕವಾದುದು. ಉಪಾಧ್ಯಾಯನೇ ‘ಸಂಧರ್ಭ’ವೆಂದು ಬರೆದರೆ ಶಿಷ್ಯನು ಹಾಗೆಯೇ ಬರೆಯದೆ ಮತ್ತೇನು ಮಾಡಿಯಾನು? ಜಾಲದಲ್ಲಿ ಒಂದು ರೂಪವು ಎಷ್ಟು ಕಡೆ ಕಾಣಿಸಿಕೊಂಡಿದೆಯೆಂಬುದನ್ನೇ ಸಾಧುತ್ವಕ್ಕೆ ಪ್ರಮಾಣವೆಂದು ಭಾವಿಸುವವರಿರುವಾಗ ಈ ಅಪಾಯವು ಇಮ್ಮಡಿಯಾಗುತ್ತದೆ.

ಮೂರನೆಯದೂ ನಮ್ಮ ಅಭಿಪ್ರಾಯದಲ್ಲಿ ಗುರುತರವಾದುದೂ ವಾಕ್ಯದ ತಪ್ಪುಗಳು. ಇವುಗಳಲ್ಲಿ ಹಗುರವಾದುದು ವಚನದೋಷ. ‘ಮೂರು ಮನೆಗಳು ಕುಸಿದಿದೆ’, ‘ಮತಗಳು ಎಣಿಕೆಯಾಗಿದೆ’ ಎಂಬಂಥ ವಾಕ್ಯಗಳು ಈಗ ಸರ್ವಸಾಮಾನ್ಯವಾಗಿವೆ. ‘ಕುಸಿದಿವೆ’, ‘ಎಣಿಕೆಯಾಗಿವೆ’ ಎಂದು ಬರೆಯಲು ಹೆಚ್ಚಿನ ವಿದ್ವತ್ತೇನೂ ಬೇಕಾಗಿಲ್ಲ; ವಾಕ್ಯದ ಕೊನೆಗೆ ಬಂದಾಗ ಅದರ ಮೊದಲನ್ನು ನೆನಪಿನಲ್ಲಿಟ್ಟುಕೊಂಡರೆ ಸಾಕು.

ಇದಕ್ಕಿಂತ ತೀಕ್ಷ್ಣವಾದುದು ವಿಭಕ್ತಿಲೋಪ. ಶೀರ್ಷಿಕೆಯಲ್ಲಿ ಎಡೆಯು ಕಡಿಮೆಯಿರುವುದರಿಂದ ಪ್ರತ್ಯಯಗಳನ್ನು ಬಿಡುವ ರೂಢಿಯು ಅಚ್ಚಿನ ಪತ್ರಿಕೆಗಳಿಂದಲೇ ಬಂದುದು. ಕನ್ನಡದಲ್ಲಿ ಎಷ್ಟೋ ಕಡೆ ಅದರಿಂದ ಬಾಧೆಯಿಲ್ಲ. ಆದರೆ ಕೃದಂತವಿಶೇಷಣವು ಬಂದಲ್ಲಿ ಬಾಧೆಯಿದೆ. ‘ಆನೆ ಕೊಂದ ಯುವಕನ ಮನೆಗೆ ಅಧಿಕಾರಿಗಳ ಭೇಟಿ’ ಎಂಬ ಶೀರ್ಷಿಕೆಯನ್ನು ನೋಡಿ. ‘ಕೊಂದ’ ಎಂಬ ಕೃದಂತವು ಕೊಂದವನಿಗೂ ವಿಶೇಷಣವಾಗಬಲ್ಲುದು, ಕೊಲ್ಲಲ್ಪಟ್ಟವನಿಗೂ ವಿಶೇಷಣವಾಗಬಲ್ಲುದು. ಇದು ಕನ್ನಡದ ಸ್ವಭಾವ. ‘ಆನೆಯನ್ನು ಕೊಂದ’ ಎಂದರೆ ಯುವಕನು ಕೊಂದವನು. ಪ್ರತ್ಯಯವನ್ನು ಬಿಟ್ಟು ‘ಆನೆ ಕೊಂದ’ ಎಂದರೆ ಆನೆಯಿಂದ ಹತನಾದವನೂ ಆಗಬಹುದು. ಅಧಿಕಾರಿಗಳು ಪರಿಹಾರವನ್ನು ಕೊಡಲು ಹೋದರೋ, ಸೆರೆಹಿಡಿಯಲು ಹೋದರೋ? ೧೯೭೨ರ ವನ್ಯಜೀವಿ ಸಂರಕ್ಷಣಾ ಶಾಸನದ ಮೇರೆಗೆ ಆನೆಯನ್ನು ಕೊಲ್ಲುವುದು ಘೋರವಾದ ಅಪರಾಧ. ಕೊಡಗು, ಹಾಸನ ಮೊದಲಾದ ಸೀಮೆಗಳಲ್ಲಿ ಆನೆಗೂ ಮನುಷ್ಯನಿಗೂ ಸಂಘರ್ಷವು ನಡೆದೇ ಇದೆ. ಅಲ್ಲಿಯ ಒಂದು ಮನೆಯಲ್ಲಿ ಮಗನು ಆನೆಯ ತುಳಿತದಿಂದ ಸತ್ತು ತಾಯಿತಂದೆಗಳು ಶೋಕದಲ್ಲಿರುವಾಗ, ನಾಡಿನ ಅರ್ಧ ಜನರು ಅವನನ್ನು ಆನೆಯ ಹಂತಕನೆಂದು ಓದಿಕೊಂಡರೆ ಆ ಅನ್ಯಾಯಕ್ಕೆ ಯಾರು ಹೊಣೆ? ‘ಅನ್ನು’ ಎಂಬ ಎರಡಕ್ಷರದ ದ್ವಿತೀಯಾ ಪ್ರತ್ಯಯದ ಬೆಲೆ ಇಷ್ಟು.

ಪದಕ್ರಮದಿಂದಲೂ ಇಂಥದೇ ಅನರ್ಥವುಂಟಾಗುತ್ತದೆ. ‘ಸಚಿವರಿಂದ ಸತ್ತವರ ಕುಟುಂಬಕ್ಕೆ ಪರಿಹಾರ’ ಎಂದು ಬರೆದರೆ ಸಚಿವರು ದಾನಿಗಳಾಗಿಯೂ ತೋರುತ್ತಾರೆ, ಸಾವಿಗೆ ಕಾರಣರಾಗಿಯೂ ತೋರುತ್ತಾರೆ. ‘ಸತ್ತವರ ಕುಟುಂಬಕ್ಕೆ ಸಚಿವರಿಂದ ಪರಿಹಾರ’ ಎಂದು ಸ್ಥಾನಪಲ್ಲಟಮಾಡಿದರೆ ಸಂಶಯವು ನಿವೃತ್ತವಾಗುತ್ತದೆ. ‘ರೈಲಿಗೆ ಸಿಲುಕಿ ಪೊಲೀಸರು ಪ್ರಕರಣವನ್ನು ದಾಖಲಿಸಿದರು’ ಎಂಬುದು ಇನ್ನೊಂದು ಬಗೆ. ‘ಸಿಲುಕಿ’ ಎಂಬ ಅಪೂರ್ಣಕ್ರಿಯೆಯ ಕರ್ತೃವೂ ‘ದಾಖಲಿಸಿದರು’ ಎಂಬುದರ ಕರ್ತೃವೂ ಇಲ್ಲಿ ಬೇರೆ ಬೇರೆ. ವಾಕ್ಯವಾದರೋ ಪೊಲೀಸರನ್ನೇ ರೈಲಿನ ಕೆಳಕ್ಕೆ ತಳ್ಳುತ್ತದೆ.

ವ್ಯಾಕರಣಕ್ಕೆ ನೇರವಾಗಿ ಸೇರದಿದ್ದರೂ ಕರಡು ತಿದ್ದುವವನ ಕಣ್ಣಿಗೆ ಬೀಳಲೇಬೇಕಾದ ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಬೇಕು. ನ್ಯಾಯಾಲಯದ ಮಾತುಗಳಲ್ಲಿ ‘ಆರೋಪಿ’ ಬೇರೆ, ‘ಅಪರಾಧಿ’ ಬೇರೆ. ನ್ಯಾಯಾಧೀಶರು ತೀರ್ಪುಕೊಡುವವರೆಗೆ ಯಾವನೂ ಅಪರಾಧಿಯಲ್ಲ. ‘ಜಾಮೀನು’ ದೊರೆತವನು ತಾತ್ಕಾಲಿಕವಾಗಿ ಹೊರಗೆ ಬಂದವನು. ‘ಖುಲಾಸೆ’ಯಾದವನು ಆರೋಪದಿಂದ ಬಿಡುಗಡೆ ಹೊಂದಿದವನು. ‘ಅಮಾನತು’ ಆದ ನೌಕರನು ಮತ್ತೆ ಕೆಲಸಕ್ಕೆ ಬರಬಹುದು. ‘ವಜಾ’ ಆದವನು ಕೆಲಸವನ್ನೇ ಕಳೆದುಕೊಂಡವನು. ಇವುಗಳನ್ನು ಪರ್ಯಾಯಪದಗಳಂತೆ ಬಳಸುವ ಬರೆಹಗಾರನು ಒಬ್ಬ ಮನುಷ್ಯನ ಮಾನವನ್ನೂ ಜೀವನೋಪಾಯವನ್ನೂ ಕೈಯಲ್ಲಿ ಹಿಡಿದು ಆಟವಾಡುತ್ತಿದ್ದಾನೆಂದೇ ಹೇಳಬೇಕು. ಅವನ ಕಾಗುಣಿತವು ನಿರ್ದುಷ್ಟವಾಗಿರಬಹುದು. ಆದರೂ ಅವನ ತಪ್ಪು ‘ಉಚ್ಛ ನ್ಯಾಯಾಲಯ’ವೆಂದು ಬರೆದವನ ತಪ್ಪಿಗಿಂತ ಹತ್ತುಪಾಲು ಹೆಚ್ಚಿನದು.

ಭಾಷಾಂತರದ ವಿಚಾರವೂ ಹೀಗೆಯೇ. ಜಾಲಪತ್ರಿಕೆಗಳು ಇಂಗ್ಲಿಷಿನಲ್ಲಿ ಬಂದ ವಾರ್ತೆಯನ್ನು ನಿಮಿಷಗಳಲ್ಲಿ ಕನ್ನಡಕ್ಕೆ ತರಬೇಕಾಗಿದೆ. ಒಂದು ಮಿಲಿಯನ್ ಎಂದರೆ ೧೦ ಲಕ್ಷ. ಒಂದು ಬಿಲಿಯನ್ ಎಂದರೆ ೧೦೦ ಕೋಟಿ. ಅವಸರದಲ್ಲಿ ಒಂದು ಸೊನ್ನೆಯು ಜಾರಿದರೆ ಸರ್ಕಾರದ ಯೋಜನೆಯೊಂದು ಹತ್ತುಪಟ್ಟು ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ. ಯಂತ್ರವೇ ಭಾಷಾಂತರವನ್ನು ಮಾಡುವ ವ್ಯವಸ್ಥೆಯು ಬಂದ ಮೇಲೆ ಅಪಾಯವು ಹೊಸ ರೂಪವನ್ನು ತಾಳಿದೆ. ೨೦೨೫ರ ಜುಲೈ ೧೪ರಂದು ಹಿರಿಯ ನಟಿ ಬಿ. ಸರೋಜಾದೇವಿಯವರು ನಿಧನರಾದರು. ಅಂದು ಮುಖ್ಯಮಂತ್ರಿಗಳಾಗಿದ್ದ ಸಿದ್ದರಾಮಯ್ಯನವರು ಅಂತಿಮನಮನ ಸಲ್ಲಿಸಿದ ವಿಷಯವು ಕನ್ನಡದಲ್ಲಿ ಸಾಮಾಜಿಕ ಜಾಲತಾಣದಲ್ಲಿ ಪ್ರಕಟವಾಯಿತು. ಮೆಟಾ ಸಂಸ್ಥೆಯ ಯಂತ್ರವು ಅದನ್ನು ಇಂಗ್ಲಿಷಿಗೆ ತಿರುಗಿಸುವಾಗ, ನಿಧನರಾದವರು ಮುಖ್ಯಮಂತ್ರಿಗಳೇ ಎಂಬಂತೆ ಬರೆದುಬಿಟ್ಟಿತು. ಮುಖ್ಯಮಂತ್ರಿಗಳು ಬಹಿರಂಗವಾಗಿ ಆಕ್ಷೇಪಿಸಿದ ಮೇಲೆ ಸಂಸ್ಥೆಯು ಕ್ಷಮೆಯನ್ನು ಕೇಳಿತು. ಇಂಥ ವಾಕ್ಯಗಳಲ್ಲಿ ಕರ್ತೃಪದವು ಮೊದಲಿಗೂ ಪೂರ್ಣಕ್ರಿಯೆಯು ಕಟ್ಟಕಡೆಗೂ ನಿಲ್ಲುತ್ತವೆ. ನಡುವೆ ‘ನಿಧನರಾದ’ ಎಂಬಂಥ ಕೃದಂತವು ಬಂದು ತನ್ನ ಮುಂದಿನ ನಾಮಪದಕ್ಕೆ ವಿಶೇಷಣವಾಗುತ್ತದೆ. ಕನ್ನಡಿಗನಿಗೆ ಅದರಲ್ಲಿ ಗೊಂದಲವಿಲ್ಲ. ಯಂತ್ರವು ಮೊದಲ ಕರ್ತೃವನ್ನು ಸಮೀಪದ ಕ್ರಿಯೆಗೆ ಗಂಟುಹಾಕಿದರೆ ಜೀವಂತರು ಮೃತರಾಗುತ್ತಾರೆ. ಮೇಲೆ ಹೇಳಿದ ಆನೆಯ ಶೀರ್ಷಿಕೆಯಲ್ಲಿಯೂ ಇಲ್ಲಿಯೂ ಎಡವಿದ್ದು ಒಂದೇ ಕಲ್ಲಿಗೆ. ಯಂತ್ರವು ಮಾಡಿದ ವಾಕ್ಯವನ್ನು ಮನುಷ್ಯನೊಬ್ಬನು ಓದದೆ ಹೊರಕ್ಕೆ ಬಿಡಬಾರದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಕಾಗಿಲ್ಲ.

ಇಷ್ಟು ದೋಷವಿಚಾರ. ಇನ್ನು ಅದೋಷದ ವಿಚಾರವನ್ನು ಹೇಳದಿದ್ದರೆ ತಕ್ಕಡಿಯ ಒಂದು ತಟ್ಟೆ ಬರಿದಾಗಿ ಉಳಿಯುತ್ತದೆ. ತಪ್ಪು ಹುಡುಕುವ ಉತ್ಸಾಹದಲ್ಲಿ ನಮ್ಮ ಕೆಲವು ಮಿತ್ರರು ತಪ್ಪಲ್ಲದುದನ್ನೂ ತಪ್ಪೆಂದು ಸಾರುವುದುಂಟು. ಕರಾವಳಿಯ ಬರೆಹಗಾರನು ‘ಉಂಟು’ ಎಂದರೆ, ಧಾರವಾಡದವನು ‘ಎರಡು ತಾಸು’ ಎಂದರೆ, ಅದು ಮೈಸೂರಿನ ರೂಢಿಯಲ್ಲವೆಂಬ ಕಾರಣದಿಂದ ಅಶುದ್ಧವಾಗುವುದಿಲ್ಲ. ಕನ್ನಡವು ಒಂದು ಸೀಮೆಯ ಸ್ವತ್ತಲ್ಲ. ‘ಅಂತಾರಾಷ್ಟ್ರೀಯ’ವೆಂಬುದು ಸಂಸ್ಕೃತಸಂಧಿಯ ಪ್ರಕಾರ ಸಿದ್ಧವಾದ ರೂಪ, ‘ಅಂತರರಾಷ್ಟ್ರೀಯ’ವೆಂಬುದು ಬಳಕೆಯಲ್ಲಿ ಬೇರೂರಿದ ರೂಪ. ಇವೆರಡರ ವಿಷಯದಲ್ಲಿ ಜಗಳವಾಡುವುದಕ್ಕಿಂತ ಪ್ರತಿಯೊಂದು ಪತ್ರಿಕೆಯೂ ಒಂದನ್ನು ಆರಿಸಿಕೊಂಡು ಎಲ್ಲ ಕಡೆಯೂ ಅದನ್ನೇ ಬಳಸುವುದು ಮೇಲು. ಒಂದೇ ಪುಟದಲ್ಲಿ ಎರಡೂ ಇದ್ದರೆ ಅದು ನಿಜವಾಗಿಯೂ ಕರಡು ತಿದ್ದುವವನ ಸೋಲು.

ಅರಿಸಮಾಸದ ಆಕ್ಷೇಪಣೆಯೂ ಹೀಗೆಯೇ. ಕನ್ನಡಪದಕ್ಕೂ ಸಂಸ್ಕೃತಪದಕ್ಕೂ ಸಮಾಸವನ್ನು ಮಾಡಬಾರದೆಂದು ಪ್ರಾಚೀನರು ವಿಧಿಸಿದುದು ನಿಜ. ಆದರೆ ೧೩ನೆಯ ಶತಮಾನದ ಕೇಶಿರಾಜನೇ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಬಿರುದಾವಳಿಗಳಿಗೂ ಪೂರ್ವಕವಿಗಳ ಪ್ರಯೋಗಕ್ಕೂ ರಿಯಾಯಿತಿಯನ್ನು ತೋರಿಸಿದ್ದಾನೆ. ಇಂದು ‘ಜಿಲ್ಲಾಧಿಕಾರಿ’ ಎಂಬ ಶಬ್ದವನ್ನು ನೋಡಿರಿ. ‘ಜಿಲ್ಲಾ’ ಎಂಬುದು ಅರಬ್ಬಿಯಿಂದ ಬಂದುದು, ‘ಅಧಿಕಾರಿ’ಯು ಸಂಸ್ಕೃತ, ಎರಡರ ನಡುವೆ ಸವರ್ಣದೀರ್ಘಸಂಧಿಯೂ ಆಗಿದೆ. ಶಾಸ್ತ್ರವನ್ನು ಕಟ್ಟುನಿಟ್ಟಾಗಿ ಹಿಡಿದರೆ ಜಿಲ್ಲೆಗೊಬ್ಬ ಅಧಿಕಾರಿಯೇ ಇಲ್ಲದಂತಾಗುತ್ತದೆ! ಜನರು ಒಪ್ಪಿ ಬಳಸಿ ಅರ್ಥವು ನಿಶ್ಚಿತವಾದ ಶಬ್ದವು ಸಾಧುಶಬ್ದವೇ. ‘ಪೊಲೀಸ್’, ‘ಬಸ್ಸು’, ‘ಜಾಮೀನು’ಗಳೂ ಹಾಗೆಯೇ. ಪರಭಾಷೆಯ ಶಬ್ದವನ್ನು ಕಂಡೊಡನೆ ಕೆಂಪುಶಾಯಿಯನ್ನು ಕೈಗೆತ್ತಿಕೊಳ್ಳುವವನು, ಆನೆಯ ಶೀರ್ಷಿಕೆಯನ್ನು ಗಮನಿಸದೆ ದಾಟಿಹೋದರೆ, ಅವನ ವಿಮರ್ಶೆಯಿಂದ ಯಾರಿಗೂ ಪ್ರಯೋಜನವಿಲ್ಲ.

ಹಾಗಾದರೆ ಪರಿಹಾರವೇನು? ‘ನಾವು ನಿಮಿಷಕ್ಕೊಂದು ವಾರ್ತೆಯನ್ನು ಕೊಡಬೇಕು; ಕರಡು ತಿದ್ದುತ್ತ ಕುಳಿತರೆ ಎದುರಾಳಿಯು ಮುಂದೆ ಹೋಗುತ್ತಾನೆ’ ಎಂದು ಪತ್ರಿಕೆಯವರು ಹೇಳಬಹುದು. ಈ ಮಾತಿನಲ್ಲಿ ಸತ್ಯಾಂಶವಿದೆ. ಅಚ್ಚಿನ ಮನೆಯಲ್ಲಿ ಮೊಳೆ ಜೋಡಿಸುವವನು, ಕರಡು ಓದುವವನು, ಉಪಸಂಪಾದಕನು ಎಂದು ಮೂರು ಜೋಡಿ ಕಣ್ಣುಗಳಾದರೂ ಒಂದು ವಾರ್ತೆಯ ಮೇಲೆ ಬೀಳುತ್ತಿದ್ದುವು. ಜಾಲದಲ್ಲಿ ಬರೆದವನೇ ಪ್ರಕಾಶಕನೂ ಆಗುವುದುಂಟು. ತಾನು ಬರೆದುದನ್ನು ತಾನೇ ಓದುವವನು, ಬರೆದಿರುವುದನ್ನು ಕಾಣದೆ ಬರೆಯಬೇಕೆಂದಿದ್ದುದನ್ನೇ ಕಾಣುತ್ತಾನೆ; ಇದು ಮನಸ್ಸಿನ ಧರ್ಮ. ಆದಕಾರಣ ಎಲ್ಲ ಬರೆಹಕ್ಕೂ ಎರಡನೆಯ ಕಣ್ಣು ದೊರೆಯದಿದ್ದರೂ, ಸಾವು, ಅಪರಾಧ, ಹಣ, ಬೆಲೆ, ಔಷಧ — ಈ ಐದು ವಿಷಯಗಳ ಶೀರ್ಷಿಕೆಗಳಿಗಾದರೂ ಎರಡನೆಯ ಕಣ್ಣು ದೊರೆಯಲೇಬೇಕು. ಒಂದು ಶೀರ್ಷಿಕೆಯನ್ನು ಓದಲು ಎಷ್ಟು ಹೊತ್ತು ಬೇಕು?

ಎರಡನೆಯ ಪರಿಹಾರವು ತಿದ್ದುಪಡಿಯ ಪ್ರಾಮಾಣಿಕತೆ. ಹಿಂದಿನ ಪುಸ್ತಕಗಳ ಕೊನೆಯಲ್ಲಿ ತಪ್ಪೊಪ್ಪುಗಳ ಪಟ್ಟಿಯು ಇರುತ್ತಿತ್ತು. ಅದಕ್ಕೂ ಹಿಂದೆ ಓಲೆಯ ಗ್ರಂಥಗಳನ್ನು ಪ್ರತಿಮಾಡಿದ ಲಿಪಿಕಾರರು, ತಪ್ಪಿದ್ದರೆ ಬಲ್ಲವರು ತಿದ್ದಿಕೊಳ್ಳಬೇಕೆಂದು ಕೊನೆಯಲ್ಲಿ ಬೇಡಿಕೊಳ್ಳುತ್ತಿದ್ದರು. ಭಾರತದ ಪತ್ರಿಕಾ ಮಂಡಳಿಯ ಆಚಾರಸೂತ್ರಗಳೂ ತಪ್ಪು ತಿಳಿದೊಡನೆ ತಿದ್ದುಪಡಿಯನ್ನು ಎದ್ದುಕಾಣುವಂತೆ ಪ್ರಕಟಿಸಬೇಕೆಂದು ಹೇಳುತ್ತವೆ. ಜಾಲಪತ್ರಿಕೆಗೆ ಈ ವಿಷಯದಲ್ಲಿ ಅಚ್ಚಿಗಿಲ್ಲದ ಅನುಕೂಲವೂ ಇದೆ, ಪ್ರಲೋಭನವೂ ಇದೆ. ಕ್ಷಣಮಾತ್ರದಲ್ಲಿ ತಿದ್ದಬಹುದೆಂಬುದು ಅನುಕೂಲ. ಯಾರಿಗೂ ತಿಳಿಯದಂತೆ ತಿದ್ದಬಹುದೆಂಬುದು ಪ್ರಲೋಭನ. ಕಾಗುಣಿತದ ತಪ್ಪನ್ನು ಮೌನವಾಗಿ ತಿದ್ದಿದರೆ ಹಾನಿಯಿಲ್ಲ. ಅರ್ಥವನ್ನೋ ಒಬ್ಬನ ಮಾನವನ್ನೋ ಕೆಡಿಸಿದ ತಪ್ಪನ್ನು ಮೌನವಾಗಿ ತಿದ್ದುವುದು ಎರಡನೆಯ ತಪ್ಪಾಗುತ್ತದೆ. ಏಕೆಂದರೆ ಆ ವೇಳೆಗೆ ತಪ್ಪು ಶೀರ್ಷಿಕೆಯು ವಾಟ್ಸಾಪಿನ ಮೂಲಕ ಸಾವಿರಾರು ಮೊಬೈಲುಗಳನ್ನು ಸೇರಿರುತ್ತದೆ. ತಿದ್ದಿದ ಪುಟವು ಅದನ್ನು ಹಿಂಬಾಲಿಸಿ ಹೋಗುವುದಿಲ್ಲ. ಮೊದಲು ಹೀಗಿತ್ತು, ಅದು ತಪ್ಪು, ಸರಿಯಾದುದು ಇದು ಎಂದು ವಾರ್ತೆಯ ತಲೆಯಲ್ಲಿಯೇ ಎರಡು ಸಾಲು ಬರೆದರೆ, ಸಂಶಯಪಟ್ಟು ಮೂಲವನ್ನು ನೋಡಬಂದವನಿಗಾದರೂ ನಿಜವು ತಿಳಿಯುತ್ತದೆ.

ವಾಚಕರ ಕರ್ತವ್ಯವೂ ಒಂದಿದೆ. ತಪ್ಪನ್ನು ಕಂಡವರು ಅದರ ಚಿತ್ರವನ್ನು ಹಿಡಿದು ಗೆಳೆಯರಿಗೆ ಹಂಚಿ ನಕ್ಕು ಸುಮ್ಮನಾದರೆ ಪತ್ರಿಕೆಗೆ ಬುದ್ಧಿ ಬರುವುದಿಲ್ಲ. ತಪ್ಪಿಗೆ ಇನ್ನಷ್ಟು ಪ್ರಚಾರವು ಮಾತ್ರ ದೊರೆಯುತ್ತದೆ. ಪತ್ರಿಕೆಗೆ ನೇರವಾಗಿ, ಕಾರಣಸಹಿತವಾಗಿ ಬರೆದು ತಿಳಿಸುವುದು ಸರಿಯಾದ ಮಾರ್ಗ. ಪ್ರೊ. ಜಿ. ವೆಂಕಟಸುಬ್ಬಯ್ಯನವರು ‘ಪ್ರಜಾವಾಣಿ’ಯಲ್ಲಿ ‘ಇಗೋ ಕನ್ನಡ’ವೆಂಬ ಅಂಕಣದಿಂದ ವಾಚಕರ ಶಬ್ದಸಂಶಯಗಳನ್ನು ಬಗೆಹರಿಸುತ್ತಿದ್ದುದನ್ನು ಬಲ್ಲವರು ಇನ್ನೂ ನೆನೆಯುತ್ತಾರೆ. ಅವರು ೨೦೨೧ರಲ್ಲಿ ನಮ್ಮನ್ನು ಅಗಲಿದರು. ಪತ್ರಿಕೆಗೂ ವಾಚಕನಿಗೂ ನಡುವೆ ಭಾಷೆಯ ವಿಷಯದಲ್ಲಿ ಸೌಜನ್ಯದ ಸಂವಾದವು ನಡೆಯಬಹುದೆಂದು ಅವರು ತೋರಿಸಿಕೊಟ್ಟರು. ಪ್ರತಿಯೊಂದು ಜಾಲಪತ್ರಿಕೆಯೂ ಅಂಥದೊಂದು ಎಡೆಯನ್ನು ಇಟ್ಟುಕೊಂಡರೆ ಭಾಷೆಗೆ ಎಷ್ಟೋ ಉಪಕಾರವಾದೀತು. ಜಿಲ್ಲೆಯ ಸಾಹಿತ್ಯಸಂಘಗಳೂ ತಮ್ಮ ಊರಿನ ಯುವ ವರದಿಗಾರರನ್ನು ವರ್ಷಕ್ಕೊಮ್ಮೆ ಕರೆಸಿ, ವಿಭಕ್ತಿ, ವಚನ, ಕೃದಂತಗಳ ಪ್ರಯೋಗವನ್ನು ಎರಡು ದಿನ ಚರ್ಚಿಸುವ ಏರ್ಪಾಡನ್ನು ಮಾಡಬಹುದು. ಇದಕ್ಕೆ ಹೆಚ್ಚು ದ್ರವ್ಯವೂ ಬೇಕಾಗಿಲ್ಲ.

ಒಟ್ಟಿನಲ್ಲಿ ಹೇಳಬೇಕಾದುದಿಷ್ಟು. ವ್ಯಾಕರಣವು ಪಂಡಿತರ ಅಲಂಕಾರವೆಂದೂ, ಜನಸಾಮಾನ್ಯರ ಸುದ್ದಿಗೆ ಅದರ ಗೊಡವೆ ಬೇಡವೆಂದೂ ಭಾವಿಸುವುದು ಸರಿಯಲ್ಲ. ಸುದ್ದಿಯು ಸಾಮಾನ್ಯರನ್ನು ಕುರಿತದ್ದಾಗಿರುವುದರಿಂದಲೇ ಅದಕ್ಕೆ ವ್ಯಾಕರಣವು ಹೆಚ್ಚಾಗಿ ಬೇಕು. ಆನೆಯಿಂದ ಹತನಾದವನಿಗೂ, ಖುಲಾಸೆಯಾದ ಆರೋಪಿಗೂ, ಮಾರುಕಟ್ಟೆಗೆ ಹೊರಟ ರೈತನಿಗೂ ಸರಿಯಾದ ಪ್ರತ್ಯಯವು, ಸರಿಯಾದ ಪದವು, ಸರಿಯಾದ ಅಕ್ಷರವು ದೊರೆಯಬೇಕಾದುದು ನ್ಯಾಯ. ಅವರಿಗೆ ಅದನ್ನು ಕೊಡುವುದು ಪತ್ರಿಕಾಧರ್ಮದ ಮೊದಲನೆಯ ಅಂಗವೆಂದು ನಮ್ಮ ಜಾಲಪತ್ರಿಕೆಗಳ ಸಂಪಾದಕರು ತಿಳಿಯುವರೆಂದು ನಂಬುತ್ತೇವೆ.